ಹನ್ನೊಂದು ಬೆರಳು

ನನ್ನ ಗಂಡ ಪ್ರತಿದಿನ ಮಧ್ಯಾಹ್ನ ಬೇರೊಬ್ಬ ಹೆಂಗಸಿನ ಕೈ ಹಿಡಿದುಕೊಂಡು ಕೂರುತ್ತಿದ್ದರು. ಹಾಗೆ ಕೂರಲು ಒಪ್ಪಿಗೆ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಬರೆಯುತ್ತಾ ಹೋದರೆ ನಾನು ಒಳ್ಳೆಯವಳಾಗಿ ಕಾಣಿಸಿಕೊಳ್ಳುವ ಅಪಾಯವಿದೆ. ಸಂಜೆ ಶಾಲೆಯಲ್ಲಿ ಪ್ರಬಂಧ ತಿದ್ದುವಾಗ ಮೇಷ್ಟ್ರು ನನಗೆ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು: "ಚಂಪಕಾ, ನೀನು ನಡೆದದ್ದನ್ನ ಬರೆಯೋದಿಲ್ಲ. ಹೀಗೆ ನಡೆದಿದ್ರೆ ಚೆನ್ನಾಗಿತ್ತು ಅನ್ನೋದನ್ನ ಬರೀತೀಯ." ಈ ಸಲ ನಡೆದದ್ದನ್ನೇ ಬರೆಯಲು ನೋಡುತ್ತೇನೆ. ಎಲ್ಲಾದರೂ ತಪ್ಪಿದ್ದರೆ ಅದು ಮರೆವಿನಿಂದ ಆದದ್ದು ಎಂದು ಹೇಳುವ ಧೈರ್ಯವೂ ನನಗಿಲ್ಲ.

ನಮ್ಮೂರಿನಲ್ಲಿ ಒಬ್ಬರ ಸಾಮಾನು ಇನ್ನೊಬ್ಬರ ಮನೆಯಲ್ಲಿ ನಿಲ್ಲುವುದಿಲ್ಲ. ಎರವಲು ತಂದ ಸೌಟನ್ನು ಗೂಟಕ್ಕೆ ಕಟ್ಟದೆ ಇಟ್ಟರೆ ಅದು ಹೊಸ್ತಿಲು ದಾಟಿ, ಬೀದಿಯ ಧೂಳಿನಲ್ಲಿ ಸಣ್ಣ ಗೆರೆ ಎಳೆಯುತ್ತಾ, ತನ್ನವರ ಬಾಗಿಲಿಗೆ ಹೋಗಿ ಒರಗಿಕೊಳ್ಳುತ್ತದೆ. ಬೆಳಗಿನ ಹೊತ್ತು ಬೀದಿಯಲ್ಲಿ ನಡೆಯುವಾಗ ಒಂದು ಚೊಂಬು, ಒಂದು ಜರಡಿ, ಯಾರದೋ ಮೊಮ್ಮಗನ ಟೋಪಿ ಎದುರಾದರೆ ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಹೀಗಾಗಿ ಹಗ್ಗ ಹೊಸೆಯುವವರಿಗೆ ಇಲ್ಲಿ ಎಂದೂ ಕೆಲಸ ತಪ್ಪಿದ್ದಿಲ್ಲ. ನನ್ನ ಗಂಡ ಮಾಳಿಂಗಯ್ಯ ಹಗ್ಗ ಹೊಸೆಯುವವರು. ನಾನು ಕಚೇರಿಯಲ್ಲಿ ಅಳತೆಯವಳು. ಕೊಡಲಿ ಯಾರದು, ಎಮ್ಮೆ ಯಾರದು ಎಂದು ತಕರಾರು ಬಂದರೆ ಅದನ್ನು ಕಚೇರಿ ಅಂಗಳದ ಅಳತೆಕಲ್ಲಿನ ಮೇಲೆ ಇಡುತ್ತಾರೆ. ಜೀವವಿರುವುದಾದರೆ ನಿದ್ದೆ ಬರುವವರೆಗೆ ಕಾಯಬೇಕು, ಏಕೆಂದರೆ ಜೀವವಿರುವುದು ನಿದ್ದೆಯಲ್ಲಿ ಮಾತ್ರ ಜಾರುತ್ತದೆ. ನೀರಿನಲ್ಲಿ ತೇಲಿಬಿಟ್ಟ, ತಳದಲ್ಲಿ ತೂತಿರುವ ಗಳಿಗೆ ಬಟ್ಟಲು ತುಂಬಿ ಮುಳುಗುವುದರೊಳಗೆ ಅದು ಯಾರ ಕಡೆಗೆ ಎಷ್ಟು ಸರಿಯಿತು ಎಂದು ನಾನು ಅಳೆದು ದಫ್ತರದಲ್ಲಿ ಬರೆಯುತ್ತೇನೆ. ಹನ್ನೆರಡು ಬೆರಳಿಗೆ ಒಂದು ಗೇಣು. ಒಂದು ಗೇಣಿನ ಗೆರೆ ದಾಟಿದರೆ ವಸ್ತು ಆ ಕಡೆಯವರದು. ದಾಟದಿದ್ದರೆ ಅದರ ಮೇಲೆ ಅವರ ಹಕ್ಕಿಲ್ಲ.

ದಿಣ್ಣೆಯ ಆಚೆ ಸುಣ್ಣದ ಗೂಡುಗಳಿವೆ. ಅಲ್ಲಿ ಕಲ್ಲು ಸುಡುವವರು ಗುಲಾಮರು, ಗೂಡಿನ ಧಣಿಗಳಿಗೆ ಸೇರಿದವರು. ಅವರಲ್ಲಿ ಯಾರಾದರೂ ಆಗೀಗ ತಪ್ಪಿಸಿಕೊಂಡು ನಮ್ಮೂರಿಗೆ ಬರುತ್ತಿದ್ದರು. ಒಂದು ದಿನ, ಎರಡು ದಿನ ಎಚ್ಚರವಿದ್ದು ಕಣ್ಣು ಕೆಂಪಾಗಿ ತಿರುಗುತ್ತಿದ್ದರು. ಮೂರನೆಯ ದಿನ ಎಲ್ಲೋ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದರು. ಆಮೇಲೆ ನಿದ್ದೆಯಲ್ಲೇ, ಮಲಗಿದ ಭಂಗಿಯಲ್ಲೇ, ಬೀದಿಗುಂಟ ದಿಣ್ಣೆಯ ಕಡೆಗೆ ಜಾರಿಕೊಂಡು ಹೋಗುತ್ತಿದ್ದರು. ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆವು. ಚೊಂಬಿಗೆ ಬಿಟ್ಟ ಹಾಗೆಯೇ. ನಮ್ಮ ಪಕ್ಕದ ಮನೆಯ ಸಾಕವ್ವ, ಸೊಪ್ಪು ಮಾರುವವಳು, ಒಮ್ಮೆ ಹಾಗೆ ಹೋಗುತ್ತಿದ್ದ ಮುದುಕನನ್ನು ನೋಡಿ, "ಧಣಿ ಕರೀತಾವ್ನೆ, ಹೋಯ್ತಾವ್ನೆ" ಎಂದು ಕೊತ್ತಂಬರಿ ಕಟ್ಟುವುದನ್ನು ಮುಂದುವರಿಸಿದ್ದಳು. ಅದರಲ್ಲಿ ಕ್ರೌರ್ಯವಿರಲಿಲ್ಲ. ನಾನೂ ಅಲ್ಲೇ ಕೊತ್ತಂಬರಿ ಕೊಳ್ಳುತ್ತಿದ್ದೆ.

ಹೀಗೇ ನಡೆಯುತ್ತಿದ್ದರೆ ಇವತ್ತಿಗೂ ಹೀಗೇ ಇರುತ್ತಿತ್ತೇನೋ. ಆದರೆ ಧಣಿಗಳು ತಮ್ಮ ಆಳುಗಳು ದಾರಿಯಲ್ಲಿ ಕಲ್ಲಿಗೆ ಮುಳ್ಳಿಗೆ ಸಿಕ್ಕಿ ಸವೆದು ಬರುತ್ತಾರೆ, ಕೆಲವರು ನಡುವೆಯೇ ಎಚ್ಚೆತ್ತು ಮತ್ತೆ ಓಡುತ್ತಾರೆ ಎಂದು ಮೇಲಿನವರಿಗೆ ದೂರು ಕೊಟ್ಟರು. ಕಾಯಿದೆ ಬಂತು. ಡಂಗುರ ಹೊಡೆದು ಓದಿದರು. ಜಾರುತ್ತಿರುವ ಆಳನ್ನು ಕಂಡವರು, ಅವರು ಯಾರೇ ಆಗಿರಲಿ, ಕೈ ಹಚ್ಚಿ ದಿಣ್ಣೆಯ ಗಡಿಕಲ್ಲಿನವರೆಗೆ ತಳ್ಳಿಕೊಂಡು ಹೋಗಿ ಒಪ್ಪಿಸಬೇಕು. ಕಂಡೂ ಸುಮ್ಮನಿದ್ದರೆ ಆರು ತಿಂಗಳು ಗೂಡಿನ ಕೆಲಸ. ಹಿಡಿದು ನಿಲ್ಲಿಸಿದರೆ, ಬಚ್ಚಿಟ್ಟರೆ, ಮೂರು ವರ್ಷ.

ಮೊದಲ ವಾರವೇ ಸಾಕವ್ವನ ಸರದಿ ಬಂತು. ಅವಳ ಅಂಗಡಿಯ ಮುಂದೆಯೇ ಒಬ್ಬ ಹುಡುಗ ಜಾರುತ್ತಾ ಬಂದ, ಕಚೇರಿಯ ಕಾವಲಿನವನು ಎದುರಿಗೇ ನಿಂತಿದ್ದ. ಸಾಕವ್ವ ಬಗ್ಗಿ ತಳ್ಳಿದಳು. ಮಧ್ಯಾಹ್ನ ವಾಪಸು ಬಂದಾಗ ಅವಳ ತಲೆಯ ಮೇಲೆ ಬುಟ್ಟಿಯಿತ್ತು, ಅದರ ಕೆಳಗಿನ ಬಟ್ಟೆಯ ಸಿಂಬಿ ಇರಲಿಲ್ಲ.

"ಸಿಂಬಿ ಎಲ್ಲಿ ಸಾಕವ್ವ?" ಎಂದೆ.

"ಅವನ ತಲೆ ಕೆಳಗೆ ಇಟ್ಟೆ. ಕಲ್ಲಿಗೆ ಬಡ್ಕೊಂತಿತ್ತು ಕಣೆ, ಟಕ್ ಟಕ್ ಅಂತ." ಅವಳು ತನ್ನ ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. "ಮೈ ಬಿಸಿ ಇತ್ತು. ಜ್ವರ. ನಂಗೇನು ಗೊತ್ತಿತ್ತು, ಇಷ್ಟು ದಿನ ನೋಡ್ತಾನೇ ಇದ್ದೆ, ಅವ್ರಿಗೂ ಜ್ವರ ಬತ್ತದೆ ಅಂತ?"

ಮರುದಿನ ಬೆಳಿಗ್ಗೆ ಆ ಸಿಂಬಿ ಬೀದಿಗುಂಟ ಜಾರಿಕೊಂಡು ಸಾಕವ್ವನ ಬಾಗಿಲಿಗೆ ಬಂತು. ಅದರಲ್ಲಿ ನಾಲ್ಕೈದು ಕೂದಲು ಅಂಟಿಕೊಂಡಿದ್ದವು. ಅವಳು ಅವತ್ತು ಸೊಪ್ಪಿನ ವ್ಯಾಪಾರಕ್ಕೆ ಹೋಗಲಿಲ್ಲ.

ಒಬ್ಬೊಬ್ಬರ ಸರದಿಯೂ ಹೀಗೆ ಬಂತು. ಅಕ್ಕಸಾಲಿಗರು ತಳ್ಳಿದರು, ಪೂಜೆಗೆ ಹೊರಟವರು ತಳ್ಳಿದರು, ನಮ್ಮ ಸಂಜೆ ಶಾಲೆಯ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟು ತಳ್ಳಿದರು. ತಳ್ಳಿ ಬಂದವರು ಊಟಕ್ಕೆ ಕೂತು ಅನ್ನ ಕಲಸದೆ ಕೈ ನೋಡಿಕೊಳ್ಳುತ್ತಿದ್ದರಂತೆ. ಕಣ್ಣೆದುರೇ ಇಷ್ಟು ವರ್ಷ ನಡೆದದ್ದು ಯಾರನ್ನೂ ಅಲುಗಿಸಿರಲಿಲ್ಲ. ಕೈ ಹಚ್ಚಿ ಎಂದ ಕಾಯಿದೆ ಅಲುಗಿಸಿತು. ಮಳೆಗಾಲ ಮುಗಿಯುವುದರೊಳಗೆ ಕೆಲವು ಮನೆಗಳಲ್ಲಿ ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಯಾರೋ ನಿದ್ದೆ ಮಾಡುತ್ತಿದ್ದರು, ಯಾರೋ ಕೈ ಹಿಡಿದುಕೊಂಡಿರುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮನೆಗೆ ಬಂದವಳು ಹೊನ್ನಿ. ಒಂದು ಮುಂಜಾನೆ ಹಿತ್ತಿಲಿನ ಕತ್ತಾಳೆ ನಾರಿನ ರಾಶಿಯ ಹಿಂದೆ ಕೂತಿದ್ದಳು. ವಯಸ್ಸು ಇಪ್ಪತ್ತೈದಿರಬಹುದು. ಸುಣ್ಣ ತಿಂದು ಅಂಗೈ ಬಿರಿದಿತ್ತು, ರೆಪ್ಪೆಯ ಕೂದಲು ಬೆಳ್ಳಗಾಗಿತ್ತು. ನಾನು ಹಿತ್ತಿಲ ಬಾಗಿಲು ಎಳೆದುಕೊಂಡೆ. ಕಚೇರಿಯವಳ ಮನೆ! ನನ್ನ ಗಂಡ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬೇಡ ಅಂದ್ರೆ ಬೇಡ. ನಿನ್ನ ಕೆಲಸಕ್ಕೆ ಕುತ್ತು" ಎಂದರು. ಅವರ ಮುಖ ನೋಡಿದೆ. ಬೇಡ ಅನ್ನುವವಳನ್ನು ಆ ಮುಖ ಮುಂದೆಯೂ ಇದೇ ರೀತಿ ನೋಡುತ್ತದೆಯೇ ಎಂದು ಅನುಮಾನವಾಯಿತು. "ಇರಲಿ ಬಿಡಿ" ಎಂದೆ. ನಾನು ಒಳ್ಳೆಯವಳಾದದ್ದು ಇಷ್ಟೇ.

ಮೊದಲ ಮಧ್ಯಾಹ್ನ ಅವಳು ಮಲಗುವಾಗ ಅವರು ತಾವೇ ಹೊಸೆದ ಮೆತ್ತನೆಯ ಹಗ್ಗದಿಂದ ಅವಳ ಮುಂಗೈಯನ್ನು ಕಂಬಕ್ಕೆ ಕಟ್ಟಿದರು. ಕಾವಲಿನವರು ಸಂಜೆಯಿಂದ ಬೆಳಗಿನವರೆಗೆ ಬಾಗಿಲು ಬಡಿದು ನೋಡುತ್ತಿದ್ದುದರಿಂದ ಅವಳು ರಾತ್ರಿಯೆಲ್ಲ ನಾರಿನ ರಾಶಿಯ ಹಿಂದೆ ಎಚ್ಚರವಿರುತ್ತಿದ್ದಳು, ಮಲಗಬಹುದಾದದ್ದು ಮಧ್ಯಾಹ್ನ ಮಾತ್ರ. ಒಂದು ಗಂಟೆಯಾಗುವುದರಲ್ಲಿ ಹಗ್ಗ ಚರ್ಮ ಕೊಯ್ದು ಒಳಗಿಳಿದಿತ್ತು. ಇಪ್ಪತ್ತು ವರ್ಷ ಹಗ್ಗ ಹೊಸೆದ ನನ್ನ ಗಂಡ ಆ ಕೆಂಪಾದ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿದರು. ಮರುದಿನದಿಂದ ಕೈ ಹಿಡಿದುಕೊಂಡರು. ನಾನು ಹಗಲೆಲ್ಲ ಕಚೇರಿಯಲ್ಲಿರುತ್ತಿದ್ದೆ. ಬೇರೆ ದಾರಿಯಿರಲಿಲ್ಲ. ಇದನ್ನು ನಾನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ.

ಅವರು ನನ್ನ ಕೈಯನ್ನು ಹಿಡಿದದ್ದು ಮದುವೆಯ ದಿನ, ಶಾಸ್ತ್ರಕ್ಕೆ. ನಮ್ಮಲ್ಲಿ ಯಾರೂ ಹಿಡಿಯುವುದಿಲ್ಲ, ಅದು ಕೊರತೆ ಎಂದು ನನಗೆ ಎಂದೂ ಅನಿಸಿರಲಿಲ್ಲ. ಈಗ ಕಚೇರಿಯಲ್ಲಿ ಕೂತು ಗಳಿಗೆ ಬಟ್ಟಲು ಮುಳುಗುವುದನ್ನು ನೋಡುವಾಗ, ಈಗ ಹಿಡಿದಿರುತ್ತಾರೆ, ಈಗ ಬೆವರಿ ಕೈ ಬದಲಿಸಿರುತ್ತಾರೆ, ಈಗ ಅವಳ ಮುಖ ನೋಡುತ್ತಿರುತ್ತಾರೆ, ಮಲಗಿದ ಹೆಂಗಸಿನ ಮುಖ ನೋಡದೆ ಇನ್ನೇನು ನೋಡುತ್ತಾರೆ ಎಂದು ಎಣಿಸುತ್ತಿದ್ದೆ. ಅವಳು ಅವರನ್ನು "ಅಣ್ಣ" ಎನ್ನುತ್ತಿದ್ದಳು, ನನ್ನನ್ನು "ಅಕ್ಕ" ಎನ್ನುತ್ತಿದ್ದಳು. ಅಣ್ಣ ಎಂದದ್ದಕ್ಕೆ ನನಗೆ ಸಮಾಧಾನವಾಗಬೇಕಿತ್ತು. ಅಷ್ಟು ಬೇಗ ಅಣ್ಣ ಎನ್ನಲು ಏನು ಅವಸರ ಎನಿಸಿತು. ಅವರು ಹರಳೆಣ್ಣೆ ಬಿಸಿ ಮಾಡಿ ಅವಳ ಅಂಗೈಗೆ ಹಚ್ಚಲು ಕೊಡುತ್ತಿದ್ದರು. ಹದಿನಾರು ವರ್ಷದಿಂದ ನನಗೂ ಚಳಿಗಾಲದಲ್ಲಿ ಹಿಮ್ಮಡಿ ಒಡೆಯುತ್ತದೆ.

ಒಂದು ದಿನ ಅವಳು ಕೂದಲು ಬೆರಳಿನಲ್ಲಿ ಬಿಡಿಸಿಕೊಳ್ಳುತ್ತಿದ್ದಳು. ನನ್ನ ಗಂಡ ಎದುರಿಗಿದ್ದರು. ಮದುವೆಯಾದ ವರ್ಷ ಅವರು ನನಗಾಗಿ ಹಲಸಿನ ಮರದಲ್ಲಿ ಕೆತ್ತಿಸಿ ತಂದಿದ್ದ ಬಾಚಣಿಗೆಯನ್ನು ನಾನೇ ತೆಗೆದು ಅವಳ ಕೈಗಿಟ್ಟು, "ಇಟ್ಕೋ" ಎಂದೆ. ಸಂಜೆಯೊಳಗೆ ವಾಪಸು ಬರುತ್ತದೆ ಎಂಬ ಧೈರ್ಯವಿತ್ತು. ಬೇಕೆಂದೇ ದಾರ ಕಟ್ಟಿರಲಿಲ್ಲ. ಒಲೆಯ ಮುಂದೆ ಕೂತು ನೆಲ ನೋಡುತ್ತಿದ್ದೆ. ಅದು ಬರಲಿಲ್ಲ. ಮರುದಿನವೂ ಬರಲಿಲ್ಲ. ಇಟ್ಕೋ ಎಂದ ನನ್ನ ಬಾಯಿಯನ್ನು ಅದು ನಂಬಿಬಿಟ್ಟಿತ್ತು. ಅವಳ ತಲೆಯಲ್ಲಿ ನನ್ನ ಬಾಚಣಿಗೆ, ಅವಳ ಕೈಯಲ್ಲಿ ನನ್ನ ಗಂಡನ ಕೈ. ನಾನು ಹುಳಿಗೆ ಉಪ್ಪು ಎರಡು ಸಲ ಹಾಕಿದೆ.

"ಏನೇ, ಇವತ್ತು ಸಮುದ್ರವನ್ನೇ ಬಗ್ಗಿಸಿದೀಯ?" ಎಂದರು ಅವರು. ಹೊನ್ನಿ ನಕ್ಕಳು. ಅವಳು ನಮ್ಮ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ಅವರು ಅವಳತ್ತ ನೋಡಿ ತಾವೂ ನಕ್ಕರು. ನಾನೂ ನಗಬೇಕಾಯಿತು.

ಇದೇ ಹೊತ್ತಿಗೆ ಕಚೇರಿಯಲ್ಲಿ ನನಗೊಂದು ಚಿಂತೆ ಹತ್ತಿತ್ತು. ಎಚ್ಚರವಿದ್ದಾಗಲೇ ಕಾವಲಿನವರು ಹಿಡಿದು ತಂದ ಆಳುಗಳನ್ನು ಧಣಿಗೆ ಒಪ್ಪಿಸುವ ಮೊದಲು ಅಳತೆಕಲ್ಲಿನ ಮೇಲೆ ಮಲಗಿಸುತ್ತಿದ್ದರು. ಕಾಯಿದೆಗೆ ಮೊದಲು, ಆಳು ಯಾವ ಧಣಿಯದೆಂದು ತಕರಾರು ಬಂದು ಅಳೆದಾಗ, ಒಂದು ಬಟ್ಟಲು ಮುಳುಗುವುದರಲ್ಲಿ ಅವರು ಹನ್ನೊಂದು ಗೇಣು ಜಾರುತ್ತಿದ್ದರು. ಈಗ ಒಂಬತ್ತಾಯಿತು, ಏಳಾಯಿತು, ನಾಲ್ಕಾಯಿತು. ನನ್ನ ಅಳತೆಯೇ ತಪ್ಪು ಎಂದು ನಾನು ಗಾಬರಿಯಾದೆ. ಕಲ್ಲಿನ ಮೇಲೆ ನೀರು ಚೆಲ್ಲಿ ಮಟ್ಟ ನೋಡಿದೆ. ಬಟ್ಟಲಿನ ತೂತನ್ನು ಸೂಜಿಯಿಂದ ಸ್ವಚ್ಛ ಮಾಡಿದೆ. ನಮ್ಮ ಕಚೇರಿಯ ಮುಖ್ಯಸ್ಥರು ಶೇಕದಾರ ತಿಮ್ಮೋಜಿರಾಯರು; ಕಾಯಿದೆಯ ಒಂದು ಅಕ್ಷರವನ್ನೂ ಬಿಡದವರು, ಒಂದನ್ನೂ ಸೇರಿಸದವರು. ಅವರ ನಶ್ಯದ ಡಬ್ಬಿಯನ್ನು ಕೇಳಿ ಪಡೆದು ಕಲ್ಲಿನ ಮೇಲಿಟ್ಟೆ. ಅದು ಎಂದಿನ ಹಾಗೆಯೇ ಸರ್ರನೆ ಹನ್ನೊಂದು ಗೇಣು ಹೋಯಿತು. ಡಬ್ಬಿಗಳು ಬದಲಾಗಿರಲಿಲ್ಲ. ಮನುಷ್ಯರು ಮಾತ್ರ ನಿಧಾನವಾಗಿದ್ದರು.

ಮನೆಯಲ್ಲಿ ಇದನ್ನು ಹೇಳಿದೆ. ನನ್ನ ಗಂಡ ನಾರು ಬಿಡಿಸುತ್ತಾ, "ಊರು ನಂಬೋದು ಬಿಡ್ತಾ ಇದೆ ಅಷ್ಟೇ" ಎಂದರು.

"ಏನನ್ನ?"

"ಒಬ್ಬ ಮನುಷ್ಯ ಇನ್ನೊಬ್ಬನ ಸಾಮಾನು ಅಂತ."

ಅವರಿಗೆ ಓದು ಬರುವುದಿಲ್ಲ. ನನಗೆ ಪ್ರಮಾಣಪತ್ರವಿದೆ. ಆದರೂ ಅವರಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಹೊನ್ನಿಯ ಕಣ್ಣು ಅರಳಿದ್ದನ್ನು ನೋಡಿದೆ, ಅದಕ್ಕೂ ಹೊಟ್ಟೆಕಿಚ್ಚಾಯಿತು.

ರಜೆಯ ಒಂದು ಮಧ್ಯಾಹ್ನ ಅವರು ನಾರು ತರಲು ಹೋಗಬೇಕಿತ್ತು. "ನಾನು ಹಿಡ್ಕೊಂಡಿರ್ತೀನಿ ಹೋಗಿ" ಎಂದೆ. ಹೊನ್ನಿ ನನ್ನ ಕೈ ಹಿಡಿದು, ನಂಬಿಕೆಯಿಂದ, ಎರಡು ಉಸಿರಿನಲ್ಲಿ ನಿದ್ದೆ ಹೋದಳು. ಅವಳ ಅಂಗೈ ಒರಟಾಗಿ ಬೆಚ್ಚಗಿತ್ತು. ನಾನು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದು ಕೈ ಬಿಟ್ಟೆ. ಅಳತೆಯವಳ ಕುತೂಹಲ ಎಂದುಕೊಂಡೆ. ಮನೆಯಲ್ಲಿದ್ದ ಹಳೆಯ ಬಟ್ಟಲು ಮುಳುಗುವುದರೊಳಗೆ ಅವಳು ಎಂಟು ಗೇಣು ಜಾರಿ ಬಾಗಿಲಿಗೆ ತಾಗಿದಳು. ಅದೇ ವಾರ ಕಚೇರಿಯ ಕಲ್ಲಿನ ಮೇಲೆ ಮೂರು ಗೇಣಾಗಿತ್ತು. ಅಲ್ಲಿ ಊರಿತ್ತು. ಇಲ್ಲಿ ನಾನೊಬ್ಬಳೇ ಇದ್ದೆ. ಹೋಗು, ನಿನ್ನವರಲ್ಲಿಗೆ ಹೋಗು ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟು ಮಾತ್ರ. ಓಡಿಹೋಗಿ ಅವಳ ಕೈ ಹಿಡಿದು ಎಳೆದು ತಂದು ಚಾಪೆಯ ಮೇಲೆ ಹಾಕಿದೆ. ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಎರಡು ಸಲ ಒರೆಸಿದೆ.

ಇಷ್ಟು ತಿಳಿದ ಮೇಲೆ ನಾನು ಬದಲಾಗಬೇಕಿತ್ತು. ಎರಡು ತಿಂಗಳಿಗೆ, ಒಂದು ದಿನ ಕಚೇರಿಯಿಂದ ಬೇಗ, ಮಧ್ಯಾಹ್ನವೇ ಬಂದೆ. ಹೊನ್ನಿ ಇನ್ನೂ ಮಲಗಿದ್ದಳು. ಅವರು ಅವಳ ಕೈ ಹಿಡಿದುಕೊಂಡೇ ಗೋಡೆಗೆ ಒರಗಿ ತಾವೂ ನಿದ್ದೆ ಹೋಗಿದ್ದರು. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ ಎಂದು ಆಗಲೂ ಗೊತ್ತಿತ್ತು. ನಾನು ಮೆಲ್ಲಗೆ ಅಡುಗೆಮನೆಗೆ ಹೋಗಿ, ಚೀಲದಿಂದ ಒಂದು ಹಾಳೆ ತೆಗೆದು ಬರೆದೆ: ಹಗ್ಗದ ಮಾಳಿಂಗಯ್ಯನ ಮನೆಯಲ್ಲಿ ಗೂಡಿನ ಆಳು ಹೊನ್ನಿ ಎಂಬವಳು ಇದ್ದಾಳೆ. ಇದರಲ್ಲಿ ಮನೆಯವರ ತಪ್ಪಿಲ್ಲ, ಅವಳೇ ಬಂದು ಸೇರಿಕೊಂಡದ್ದು. ಎರಡನೆಯ ವಾಕ್ಯವನ್ನು ಮೂರು ಸಲ ಹೊಡೆದು ಬರೆದೆ. ಕೊಡಬೇಕೆಂದು ಬರೆಯಲಿಲ್ಲ. ಹೊಟ್ಟೆಯೊಳಗಿನದು ಹೊರಗೆ ಬಂದರೆ ಸಾಕೆಂದು ಬರೆದೆ. ಬರೆದ ಮೇಲೆ ನನಗೇ ಹೇಸಿಗೆಯಾಯಿತು. ಬೆಳಿಗ್ಗೆ ಒಲೆಗೆ ಹಾಕೋಣ ಎಂದು ಅಕ್ಕಿ ಡಬ್ಬದ ಕೆಳಗಿಟ್ಟೆ.

ಅದು ಕಚೇರಿಯ ಹಾಳೆ. ಹನ್ನೆರಡು ವರ್ಷದಿಂದ ಅಳತೆಯವಳಾದ ನಾನು, ಪಕ್ಕದ ಮನೆಯ ಉಪ್ಪಿನ ಬಟ್ಟಲನ್ನೂ ದಾರ ಕಟ್ಟದೆ ಇಡದ ನಾನು, ಅದನ್ನು ಕಟ್ಟಲಿಲ್ಲ. ಮರೆತೆನೋ, ಮರೆತ ಹಾಗೆ ಮಾಡಿದೆನೋ, ಇಲ್ಲಿಯವರೆಗೂ ನನಗೆ ಗೊತ್ತಾಗಿಲ್ಲ.

ಬೆಳಿಗ್ಗೆ ಡಬ್ಬ ಎತ್ತಿ ನೋಡಿದರೆ ಹಾಳೆಯಿಲ್ಲ. ಬಾವಿಕಟ್ಟೆಯಿಂದ ಬಂದ ನನ್ನ ಗಂಡನನ್ನು, "ಇಲ್ಲೊಂದು ಕಾಗದ..." ಎಂದು ಕೇಳಿದೆ.

"ಓ, ಅದಾ? ಬಾಗಿಲ ಹತ್ರ ಬಂದು ತಲೆ ಚಚ್ಕೋತಿತ್ತು. ನಿನ್ನ ಕಚೇರೀದು, ಹೊತ್ತಾಗ್ತದೇನೋ ಅಂತ ಬಾಗಿಲು ತೆಗೆದು ಬಿಟ್ಟೆ" ಎಂದರು. ನಕ್ಕೂ ನಕ್ಕರು. "ನಿನಗಿಂತ ಮುಂಚೆ ಕೆಲಸಕ್ಕೆ ಹೋಯ್ತು ನೋಡು."

ನಾನು ಕಚೇರಿಗೆ ಓಡಿದೆ. ತಿಮ್ಮೋಜಿರಾಯರು ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಚಂಪಕಮ್ಮ, ನೀವು ಬರೆಯದೆ ಇದ್ದಿದ್ರೆ ನನಗೆ ಗೊತ್ತಿರಲಿಲ್ಲ ಅಂತ ನಾನು ಪ್ರಮಾಣ ಮಾಡಬಹುದಿತ್ತು" ಎಂದರು. "ಇಡೀ ಬೀದಿಗೇ ಹಾಗೆ ಪ್ರಮಾಣ ಮಾಡೋಕೆ ತಯಾರಾಗಿದ್ದೆ. ಈಗ ಕಾಗದ ಬಂದಿದೆ. ಬಂದ ಕಾಗದವನ್ನ ಬಂದಿಲ್ಲ ಅನ್ನೋಕೆ ನನಗೆ ಬರೋದಿಲ್ಲ."

"ಅದು ತಾನಾಗಿ ಬಂತು ರಾಯರೇ. ನಾನು ಕೊಟ್ಟದ್ದಲ್ಲ."

"ಬರೆದದ್ದು?"

ನಾನು ಹಾಳೆಯ ಮೇಲಿನ ನನ್ನ ಅಕ್ಷರ ನೋಡಿದೆ. ಅವರು ನಶ್ಯ ಏರಿಸಿ ತುಂಬ ಹೊತ್ತು ಕಾಯಿದೆ ಪುಸ್ತಕ ತಿರುವಿದರು. ಆಮೇಲೆ, "ಕಲ್ಲಿನ ಮೇಲೆ ಮಲಗಿಸಬೇಕು. ಹಳೆಯ ನಿಯಮ ಯಾರೂ ತೆಗೆದುಹಾಕಿಲ್ಲ. ಗೇಣು ದಾಟಿದ್ರೆ ಧಣೀದು, ಮಾಳಿಂಗಯ್ಯನಿಗೆ ಮೂರು ವರ್ಷ. ದಾಟದಿದ್ರೆ ಅವಳು ಯಾರ ಆಳೂ ಅಲ್ಲ, ಆಳೇ ಅಲ್ಲದವಳನ್ನ ಬಚ್ಚಿಟ್ಟ ಅಂತ ಶಿಕ್ಷೆಯೂ ಇಲ್ಲ" ಎಂದರು. "ಹೋದ ವಾರದವನದು ಎಷ್ಟು ಬಂತು?"

"ಎರಡು ಗೇಣು" ಎಂದೆ.

"ಎರಡು" ಎಂದು ಅವರು ಪುಸ್ತಕ ಮುಚ್ಚಿದರು. "ಅಳೆಯೋದು ನೀವೇ."

ಅಳತೆ ಮೂರನೆಯ ದಿನ ನಡು ಮಧ್ಯಾಹ್ನಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ಹೊನ್ನಿಯನ್ನು ಕಚೇರಿಯ ಕೋಣೆಯಲ್ಲಿ ಇಟ್ಟರು. ಆ ಎರಡು ದಿನ ನನ್ನ ಗಂಡ, "ನಾನೇ ಬಾಗಿಲು ತೆಗೆದೆ" ಎಂದು ಹಣೆ ಚಚ್ಚಿಕೊಂಡರು. ಯಾರು ಬರೆದರು ಎಂದು ಕೇಳಲಿಲ್ಲ. ಕಚೇರಿಯವರಿಗೇ ಹೇಗೋ ತಿಳಿದು, ಆ ಹಾಳೆ ನನ್ನ ಕೈಗೆ ಬಂದು, ನಾನು ಬಚ್ಚಿಡಲು ಡಬ್ಬದ ಕೆಳಗಿಟ್ಟಿದ್ದೆ ಎಂದು ಅವರೇ ಒಂದು ಕಥೆ ಕಟ್ಟಿಕೊಂಡಿದ್ದರು. ಆ ಕಥೆಯಲ್ಲಿ ನಾನು ಎಷ್ಟು ಒಳ್ಳೆಯವಳಾಗಿದ್ದೆನೆಂದರೆ, ಅದನ್ನು ಒಡೆಯಲು ನನಗೆ ಬಾಯಿ ಬರಲಿಲ್ಲ.

ಅಂಗಳದಲ್ಲಿ ಊರೇ ಸೇರಿತ್ತು. ಹೊನ್ನಿಯ ಗೂಡಿನ ಧಣಿ ಕಲ್ಲಿನ ತುದಿಯಲ್ಲಿ, ದಿಣ್ಣೆಯ ದಿಕ್ಕಿನಲ್ಲಿ, ಕೊಡೆ ಹಿಡಿದು ನಿಂತಿದ್ದ. ಸಾಧಾರಣ ಮನುಷ್ಯ, ಕೆಮ್ಮುತ್ತಿದ್ದ. ನನ್ನ ಗಂಡನನ್ನು ಇಪ್ಪತ್ತು ಮೊಳ ದೂರ ನಿಲ್ಲಿಸಿದ್ದರು. ಸಾಕವ್ವ ಮುಂದೆ ನುಗ್ಗಿ ಬಂದು, "ರಾಯರೇ, ಬಂಡೆ ಸುಡ್ತದೆ, ತಲೆ ಕೆಳಗೆ ಇಡ್ರಿ" ಎಂದು ತನ್ನ ಸಿಂಬಿ ಚಾಚಿದಳು. ರಾಯರು ಪುಸ್ತಕ ನೋಡದೆಯೇ, "ತಲೆದಿಂಬಿಗೆ ನಿಷೇಧವಿಲ್ಲ" ಎಂದರು.

ಹೊನ್ನಿ ಎರಡು ದಿನ ಕಣ್ಣು ಮುಚ್ಚಿರಲಿಲ್ಲ. ಆದರೂ ಕಲ್ಲಿನ ಮೇಲೆ ಕೂತವಳು ಮಲಗಲಿಲ್ಲ. ಸುತ್ತ ನೋಡಿ, ನಾನು ಅಳತೆಕೋಲು ಹಿಡಿದು ಪಕ್ಕದಲ್ಲಿ ಮಂಡಿಯೂರಿದ್ದನ್ನು ಕಂಡು, "ಅಕ್ಕಾ, ನೀವು ಇಲ್ಲೇ ಇರ್ತೀರಲ್ಲ?" ಎಂದಳು.

"ಇರ್ತೀನಿ" ಎಂದೆ.

"ಹಂಗಾದ್ರೆ ಸರಿ" ಎಂದು ಮಲಗಿದಳು. ತಲೆಯಲ್ಲಿ ನನ್ನ ಬಾಚಣಿಗೆಯಿತ್ತು. ಮಲಗಲು ಚುಚ್ಚುತ್ತದೆಂದು ಅದನ್ನು ತೆಗೆದು ಎದೆಯ ಮೇಲೆ ಹಿಡಿದುಕೊಂಡಳು. ಉಸಿರು ನಿಧಾನವಾಯಿತು. ನಾನು ಬಟ್ಟಲನ್ನು ನೀರಿಗೆ ಬಿಟ್ಟೆ.

ಮೊದಲು ಏನೂ ಆಗಲಿಲ್ಲ. ಜನ ಯಾವಾಗ ಹಿಡಿದುಕೊಂಡರೋ ಕಾಣೆ, ತಲೆಯೆತ್ತಿದಾಗ ಇಡೀ ಅಂಗಳದಲ್ಲಿ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿತ್ತು. ಅಕ್ಕಸಾಲಿಗರ ಕೈ ಸಾಕವ್ವನ ಕೈಯಲ್ಲಿ, ಮೇಷ್ಟ್ರ ಕೈ ಕಾವಲಿನವನ ಕೈಯಲ್ಲಿ. ಆಮೇಲೆ ಅವಳ ಹಿಮ್ಮಡಿ ಸ್ವಲ್ಪ ಸರಿಯಿತು. ಒಂದು ಬೆರಳು. ಮೂರು ಬೆರಳು. ಯಾರೋ ಬಿಕ್ಕಿದರು. ಧಣಿ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ. ಆರು. ಎಂಟು. ಬಟ್ಟಲು ಮುಕ್ಕಾಲು ತುಂಬುವ ಹೊತ್ತಿಗೆ ಒಂಬತ್ತಕ್ಕೆ ಬಂದು ನಿಂತಿತು. ನಿಂತೇ ಇತ್ತು. ನಾನು ಉಸಿರು ಬಿಟ್ಟು, ಸಂತೋಷದಿಂದ, ನನ್ನ ಗಂಡನ ಕಡೆಗೆ ನೋಡಿದೆ.

ಅವರು ಅಳುತ್ತಿದ್ದರು. ನನ್ನ ತಾಯಿ ಸತ್ತಾಗ, ನಮ್ಮ ಮಗು ಉಳಿಯದೆ ಹೋದಾಗ, ನನ್ನೆದುರು ಅಳದಿದ್ದ ಮನುಷ್ಯ ಅಷ್ಟು ಜನರ ನಡುವೆ ಬಾಯಿ ತೆರೆದು, ಅವಳನ್ನೇ ನೋಡುತ್ತಾ ಅಳುತ್ತಿದ್ದರು. ನನ್ನವರು ಎಂದುಕೊಂಡೆ. ನನ್ನವರು, ನನ್ನದು, ನನ್ನ ಬಾಚಣಿಗೆ. ಅಳತೆಕೋಲಿನ ಪಕ್ಕದಲ್ಲಿ ಹಿಮ್ಮಡಿ ಮತ್ತೆ ಸರಿಯಿತು. ಹತ್ತು. ಧಣಿ ಒಂದು ಹೆಜ್ಜೆ ಮುಂದೆ ಬಂದ. ಹನ್ನೊಂದು.

ಇಡೀ ಊರು ಕೈ ಹಿಡಿದು ನಿಂತಿತ್ತು. ಸರಿಸುತ್ತಿದ್ದವಳು ನಾನು. ಅದನ್ನು ಬೇರೆ ಯಾರೂ ಕಾಣಲಾರರು ಎಂಬುದೂ ನನಗೆ ಗೊತ್ತಿತ್ತು. ಅವಳ ಮುಂಗೈ ನನ್ನ ಕಣ್ಣ ಮುಂದೆಯೇ ಇತ್ತು, ಹಗ್ಗ ಕೊಯ್ದ ಗಾಯ ಬಳೆಯ ಹಾಗೆ ಸುತ್ತಿಕೊಂಡಿತ್ತು. ಅದರ ಕೆಳಗೆ, ಬಿರಿದ ಬೆರಳುಗಳ ನಡುವೆ, ಬಾಚಣಿಗೆ. ಅವಳದನ್ನು ಅವಳು ಹಿಡಿದುಕೊಂಡಿದ್ದಾಳೆ ಎಂದು ಹೇಳಿಕೊಂಡೆ. ಹೇಳಿಕೊಂಡದ್ದನ್ನು ನಂಬಲು ನೋಡಿದೆ. ಅದು ನಾನು ಮಾಡಿದ ಅತಿ ಕಷ್ಟದ ಕೆಲಸ. "ಇಟ್ಕೋ" ಎಂದೆ, ಈ ಸಲ ಯಾರಿಗೂ ಕೇಳದ ಹಾಗೆ. "ಇಟ್ಕೋ, ಹೊನ್ನಿ. ನಿನ್ನದೇ."

ಬಟ್ಟಲು ಗುಳಕ್ಕೆಂದು ಮುಳುಗಿತು.

"ಎಷ್ಟು?" ಎಂದರು ತಿಮ್ಮೋಜಿರಾಯರು.

"ಹನ್ನೊಂದು ಬೆರಳು."

ಧಣಿ ಬಗ್ಗಿ ತಾನೇ ನೋಡಿದ. "ಒಂದು ಬೆರಳಿಗೆ ಏನು ಬಂತು? ಬರೀ ಒಂದು ಬೆರಳು ಕಡಿಮೆ!" ಎಂದ.

"ಕಡಿಮೆ ಅಂದ್ರೆ ಕಡಿಮೇನೇ" ಎಂದು ರಾಯರು ಪುಸ್ತಕ ಮುಚ್ಚಿದರು. ಸಾಕವ್ವ, "ನಿನ್ನ ಬೆರಳೊಂದು ಕುಯ್ದು ಕೊಡ್ತೀಯೇನಯ್ಯ, ಲೆಕ್ಕ ಸರಿ ಮಾಡೋಕೆ?" ಎಂದಳು. ಎಷ್ಟೋ ತಿಂಗಳ ಮೇಲೆ ಅಂಗಳದಲ್ಲಿ ಜನ ನಕ್ಕರು. ಆ ಸದ್ದಿಗೆ ಹೊನ್ನಿ ಎಚ್ಚೆತ್ತಳು. ಮೊದಲು ನನ್ನ ಮುಖ ನೋಡಿದಳು.

ನಾನು ದಫ್ತರದಲ್ಲಿ ಬರೆದೆ. ಒಂಬತ್ತು ಊರಿನವು, ಎರಡು ನನ್ನವು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಅಂದು ಸಂಜೆ ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಹಾಳೆ, ಡಬ್ಬ, ಕಡೆಯ ಎರಡು ಬೆರಳು. ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಕೇಳಿದರು. ಎಂಟು ದಿನ ನನ್ನ ಹತ್ತಿರ ಮಾತನಾಡಲಿಲ್ಲ. ಒಂಬತ್ತನೆಯ ದಿನ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ, "'ನನ್ನ ಕೈಯೂ ಒಂದು ಸಲ ಹಿಡ್ಕೊಳ್ಳಿ' ಅಂತ ನೀನು ಕೇಳಬಹುದಿತ್ತು" ಎಂದರು. ನನಗೆ ಸಿಟ್ಟು ಬಂತು. ಕೇಳಬೇಕೇ? ಆದರೆ ಆ ಸಿಟ್ಟನ್ನು ತೋರಿಸುವ ಹಕ್ಕು ನಾನು ಕಳೆದುಕೊಂಡಿದ್ದೆ. ಮಜ್ಜಿಗೆ ಬಡಿಸಿದೆ.

ಹೊನ್ನಿ ಹೊಳೆ ದಾಟಿ ಹೋಗುವ ಬೆಳಿಗ್ಗೆ ಅವಳಿಗೊಂದು ಪತ್ರ ಬೇಕಾಯಿತು, ಇವಳ ಮೇಲೆ ಯಾರ ಹಕ್ಕೂ ಇಲ್ಲ ಎಂದು. ಕಚೇರಿಯ ಹಾಳೆಯಲ್ಲಿ ಬರೆದರೆ ಅದು ಅವಳನ್ನು ಬಿಟ್ಟು ವಾಪಸು ಬರುತ್ತದೆ. ನನ್ನ ಸಂಜೆ ಶಾಲೆಯ ನೋಟುಪುಸ್ತಕದಿಂದ ಒಂದು ಹಾಳೆ ಹರಿದು, ಅವಳ ಕೈಗಿಟ್ಟು, "ಇದು ನಿನ್ನದು" ಎಂದೆ. ಆಮೇಲೆ ಅವಳಿಂದ ಕೇಳಿ ಇಸಿದುಕೊಂಡು ಬರೆದೆ. ಒಂದೂ ಅಕ್ಷರ ಹೊಡೆಯದೆ ಬರೆದೆ. ರಾಯರು ಮುದ್ರೆ ಒತ್ತಿದರು. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಾಗ ನಾನು ಹಿಂದೆ ಸರಿದೆ. ಅಕ್ಕಿ ಡಬ್ಬದ ಕೆಳಗಿಟ್ಟ ಆ ಹಾಳೆಯ ವಿಷಯ ಅವಳಿಗೂ ಹೇಳಬೇಕಿತ್ತು. ಗಾಡಿ ಹೊರಟುಬಿಟ್ಟಿತು. ಗಾಡಿಯನ್ನು ನಿಲ್ಲಿಸಬಹುದಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಈಗ ಆಳುಗಳು ಕಲ್ಲಿನ ಮೇಲೆ ಒಂದು ಬೆರಳೂ ಜಾರುವುದಿಲ್ಲ. ಕಾಯಿದೆ ಪುಸ್ತಕದಲ್ಲಿ ಇನ್ನೂ ಇದೆ, ತಳ್ಳುವವರಿಲ್ಲ. ಗೂಡುಗಳಲ್ಲಿ ಎರಡು ಆರಿವೆ. ನನ್ನ ಗಂಡ ಕೆಲವು ಮಧ್ಯಾಹ್ನ, ರಜೆಯಿದ್ದರೆ, ಏನೂ ಹೇಳದೆ ಬಂದು ನನ್ನ ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಾರೆ. ಅವರ ಕೈಗೆ ಅದು ಯಾರಿಂದ ರೂಢಿಯಾಯಿತು ಎಂದು ನನಗೆ ನೆನಪಾಗುತ್ತದೆ. ಆಗ ಗೊತ್ತಿಲ್ಲದೆ ನನ್ನ ಕಣ್ಣು ಹೊಸ್ತಿಲಿನ ಕಡೆಗೆ ಹೋಗುತ್ತದೆ. ಹೊಳೆಯ ಕಡೆಯಿಂದ ಧೂಳಿನಲ್ಲಿ ಗೆರೆ ಎಳೆದುಕೊಂಡು ಒಂದು ಹಲಸಿನ ಬಾಚಣಿಗೆ ಬರುತ್ತಿದೆಯೇ ಎಂದು ನೋಡುತ್ತೇನೆ. ಬಂದರೆ ಅದನ್ನು ಕರೆದವಳು ನಾನೇ ಆಗಿರುತ್ತೇನೆ. ಅವರ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, ಇಟ್ಕೋ, ಇಟ್ಕೋ ಎಂದು ಮನಸ್ಸಿನಲ್ಲೇ ಹೇಳುತ್ತೇನೆ. ಇವತ್ತಿನವರೆಗೆ ಬಂದಿಲ್ಲ.